ಮೂರನೆಯ ಸಾಲಿನಿಂದ ಬಂದ ಮೌನ

ಸೋಮವಾರ,
ಬೆಳಗಿನ ಪ್ರಾರ್ಥನೆಯ ಅನಂತರ

ಚಿರಂಜೀವಿ ಸೌಭಾಗ್ಯವತಿ, ನಮ್ಮ ಮನೆಯ ನಟಿಯೂ ನಾಟಕಕರ್ತ್ರಿಯೂ ಆದ ಸೊಸೆಗೆ ನಿನ್ನ ಮಾವನು ಮಾಡುವ ಆಶೀರ್ವಾದ.

ಭಗವಂತನ ಕೃಪೆಯಿಂದ ನಾವೆಲ್ಲರೂ ಕುಶಲ. ನಾಟಕವೂ ಕುಶಲ. ಈ ಎರಡನೆಯ ವಾಕ್ಯವನ್ನು ಇಷ್ಟು ಮೇಲೆಯೇ ಬರೆದುದಕ್ಕೆ ಕಾರಣವುಂಟು: ನೀನು ಕ್ಷೇಮಸಮಾಚಾರವನ್ನು ಹಾರಿಸಿ ಕೆಳಕ್ಕೆ ಕಣ್ಣೋಡಿಸುವ ಸ್ವಭಾವದವಳೆಂಬುದನ್ನು ನಾನು ಬಲ್ಲೆ. ಇನ್ನು ನೆಮ್ಮದಿಯಾಗಿ ಕುಳಿತು ಓದು. ಅಕ್ಷರಗಳು ಅಲುಗಿರುವುದನ್ನು ಕಂಡು ಮುಪ್ಪಿನ ನಡುಕವೆಂದು ಗಾಬರಿಗೊಳ್ಳಬೇಡ. ಇದು ಹರ್ಷದ ನಡುಕ. ನಿನ್ನ ಅತ್ತೆ ಈಗಷ್ಟೇ ಬಾಗಿಲಲ್ಲಿ ತಲೆಹಾಕಿ, "ಕಾಗದ ಬರೀತಿದೀರೋ ಕುಣೀತಿದೀರೋ? ಮೇಜು ಗೋಡೆಗೆ ಬಡಿತಾ ಇದೆ" ಎಂದು ಹೇಳಿ ಹೋದಳು. ನಿಮ್ಮ ಉಡುಪಿನ ವಿಭಾಗದ ಹೆಂಗಸು ಮಧ್ಯಾಹ್ನ ನೀನಿರುವ ಚಿತ್ರೀಕರಣದ ಜಾಗಕ್ಕೆ ಹೊರಡುವಳಂತೆ. ಆಕೆಯ ಕೈಯಲ್ಲಿ ಈ ಕಾಗದವನ್ನು ಕೊಟ್ಟು ಕಳುಹಿಸಬೇಕಾಗಿರುವುದರಿಂದ ನನಗೆ ಪ್ರಸ್ತಾವನೆಗೆ ಅವಕಾಶವಿಲ್ಲ.

ಆದರೂ ಸ್ವಲ್ಪ ಪ್ರಸ್ತಾವನೆಯಿಲ್ಲದೆ ಬರೆಯಲು ನನ್ನ ಕೈಗೆ ಬಾರದು.

ಹೊರಡುವ ದಿನ ನೀನು ಪೆಟ್ಟಿಗೆಯ ಮೇಲೆ ಕುಳಿತು ಅದರ ಬಾಯಿಯನ್ನು ಮುಚ್ಚಲು ಹೆಣಗುತ್ತ ನನಗೊಂದು ಹೊಣೆಯನ್ನು ಹೊರಿಸಿದೆಯಷ್ಟೆ. "ಮಾವ, ಎಲ್ಲರೂ ಫೋನಲ್ಲಿ ಸೂಪರ್ ಅಂತಾರೆ. ನಿಮ್ಮ ಮಗನಂತೂ ನಾನು ತೂಕಡಿಸಿದ್ರೂ ಸೂಪರ್ ಅಂತಾರೆ. ನಿಮಗೆ ಸುಳ್ಳು ಹೇಳೋಕೆ ಬರಲ್ಲ. ನೋಡಿದ್ದನ್ನ ನೋಡಿದ ಹಾಗೆ ಬರೀರಿ. ನಾಟಕಕ್ಕೆ ಜೀವ ಇಲ್ಲ ಅಂದ್ರೆ ಇಲ್ಲ ಅಂತಾನೇ ಬರೀರಿ, ನಾನು ಆ ಧಾರಾವಾಹಿಗೆ ಸಹಿ ಹಾಕಿಬಿಡ್ತೀನಿ" ಎಂದೆ. ಐದು ವರ್ಷಗಳ ಕಾಲ ಬಾಗಿಲ ಮರೆಯಲ್ಲಿ ನಿಂತು ಹುಬ್ಬು ಗಂಟಿಕ್ಕುವ ಅತ್ತೆಯ ಪಾತ್ರ. ಆ ಅವಧಿಯಲ್ಲಿ ರಂಗವನ್ನು ಏರಕೂಡದು, ನಾಟಕವನ್ನು ಬರೆಯಕೂಡದು ಎಂಬ ಕಟ್ಟುಪಾಡು. ನಿರ್ಮಾಪಕನು ಈ ವಾರ ಉತ್ತರಕ್ಕಾಗಿ ಕಾಯುತ್ತಿರುವನೆಂದು ಮೊನ್ನೆ ಬಂದ ನಿನ್ನ ಕಾಗದದಲ್ಲಿಯೂ ಬರೆದಿರುವೆ. ಇತ್ತ ರಂಗಮಂದಿರದವರು ನಿನ್ನ ನಾಟಕಕ್ಕೆ ಕೊಟ್ಟದ್ದು ಶನಿವಾರ ಸಂಜೆ ಮತ್ತು ಭಾನುವಾರ ಮಧ್ಯಾಹ್ನ, ಎರಡೇ ಪ್ರದರ್ಶನ. ಜನರಿಗೆ ಹಿಡಿಸಿದರೆ ಇಡೀ ಋತುವಿನ ಪ್ರದರ್ಶನಗಳು, ಇಲ್ಲವಾದರೆ ಅಲ್ಲಿಗೇ ಪರದೆ. ಹೀಗಿರುವಾಗ ನನ್ನ ಸಾಕ್ಷ್ಯಕ್ಕೆ ಎಷ್ಟು ಭಾರವಿದೆಯೆಂದು ತಿಳಿದೇ ನಾನು ಎರಡು ದಿನವೂ ಮೂರನೆಯ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೆನು.

ಮೊದಲು ಕಹಿಯನ್ನು ಹೇಳುತ್ತೇನೆ. ಮೊದಲನೆಯ ಅಂಕವು ಉದ್ದವಾಯಿತು. ಗಡಿಯಾರ ರಿಪೇರಿಯ ತಂದೆಯು ಅಂಗಡಿಗೆ ಬಂದ ಗಿರಾಕಿಗಳೊಡನೆ ಜಗಳವಾಡುವ ದೃಶ್ಯದಲ್ಲಿ ಜನರು ಮೊದಲ ಗಿರಾಕಿಗೆ ನಕ್ಕರು, ಎರಡನೆಯವನಿಗೆ ಮುಗುಳ್ನಕ್ಕರು, ಮೂರನೆಯವನು ಬಂದಾಗ ಕೆಮ್ಮಿದರು. ಶನಿವಾರದ ಸಭೆಯಲ್ಲಿ ಒಬ್ಬನು ಕೆಮ್ಮಿದರೆ ಇನ್ನೊಬ್ಬನು ಅದಕ್ಕೆ ಉತ್ತರವೆಂಬಂತೆ ಕೆಮ್ಮುತ್ತಿದ್ದನು. ಮಗಳೇ, ಆ ಭಾಗವನ್ನು ನೀನು ನಟಿಯಾಗಿ ಬರೆದಿರುವೆ, ನಾಟಕಕರ್ತ್ರಿಯಾಗಿ ಅಲ್ಲ. ಯಾವ ನಟನಿಗೂ ಆಡಲು ಬಾಯಲ್ಲಿ ನೀರೂರುವಂಥ ಮಾತುಗಳೇ ಅವು. ಆದರೆ ಆಡುವವನ ಸುಖವು ಕೇಳುವವನ ಸುಖವಾಗಬೇಕೆಂಬ ನಿಯಮವಿಲ್ಲ. ಮೂರನೆಯ ಗಿರಾಕಿಯನ್ನು ನಿರ್ದಾಕ್ಷಿಣ್ಯವಾಗಿ ಹೊರಗಟ್ಟು.

ಕಹಿಯು ಮುಗಿಯಿತು. ಇನ್ನು ನನ್ನ ಅಪರಾಧವನ್ನು ನಿವೇದಿಸಬೇಕು. ನಿರ್ದೇಶಕನಾದ ಆ ಗಡ್ಡದವನು ನಿನಗೆ ಈ ಸಂಗತಿಯನ್ನು ತನ್ನದೇ ಬಣ್ಣ ಬಳಿದು ಹೇಳುವ ಮೊದಲು ನನ್ನ ಬಾಯಿಂದಲೇ ಕೇಳು.

ನಮ್ಮಿಬ್ಬರ ಕೆಲಸದ ಪದ್ಧತಿ ನಿನಗೆ ತಿಳಿಯದ್ದೇನಲ್ಲ. ಆದರೂ ಅಪರಾಧದ ಬೇರು ಅಲ್ಲಿಯೇ ಇರುವುದರಿಂದ ಬರೆಯುತ್ತೇನೆ. ಇಷ್ಟು ವರ್ಷಗಳಿಂದ ಊಟದ ಮೇಜಿನ ಆ ತುದಿಯಲ್ಲಿ ನೀನು, ಈ ತುದಿಯಲ್ಲಿ ನಾನು. ನಿನ್ನ ಮಾತುಗಳನ್ನು ನೀನು ಒಪ್ಪಿಸಬೇಕು, ಉಳಿದವರೆಲ್ಲರ ಮಾತುಗಳನ್ನೂ ನಾನು ಓದಬೇಕು. ಮೊದಲ ಸಿನಿಮಾದಲ್ಲಿ ನೀನು ತಟ್ಟೆ ಹಿಡಿದ ದಾದಿಯಾಗಿ "ಡಾಕ್ಟ್ರು ಬಂದ್ರು" ಎಂಬ ಒಂದೇ ಮಾತನ್ನು ಆಡಬೇಕಾಗಿದ್ದಾಗ ನಾನು ಡಾಕ್ಟರನೂ ರೋಗಿಯೂ ಆಗಿದ್ದೆನು. ಆ ಮಾತನ್ನು ನೀನು ಕಟ್ಟಕಡೆಯ ಸಾಲಿಗೆ ಕೇಳುವಂತೆ ಕೂಗಿ, "ಅಮ್ಮಾ ತಾಯಿ, ಕ್ಯಾಮೆರಾ ನಿನ್ನ ಮೂಗಿನ ಮುಂದೆನೇ ಇದೆ, ಪಕ್ಕದ ಬೀದೀಲಿಲ್ಲ" ಎಂದು ಛಾಯಾಗ್ರಾಹಕನಿಂದ ಬೈಸಿಕೊಂಡು ಬಂದೆ. ಮುಂದೆ ನಿನಗಿಂತ ಹಿರಿಯನಾದ ನಾಯಕನಿಗೆ ನೀನು ತಾಯಿಯಾದಾಗ ಆ ನಾಯಕನಾಗಿ "ಅಮ್ಮಾ!" ಎಂದು ಓದಿದವನೂ ನಾನೇ. ಖಳನಾಗಿ ಗದರಿದ್ದೇನೆ, ಪ್ರಿಯಕರನಾಗಿ, ದೇವರೇ ಕ್ಷಮಿಸಲಿ, ನಿವೇದನೆಯನ್ನೂ ಮಾಡಿದ್ದೇನೆ. ಭಾವವನ್ನು ಬೆರೆಸದೆ ಒಂದೇ ಶ್ರುತಿಯಲ್ಲಿ ಓದಬೇಕೆಂಬುದು ನೀನು ಹಾಕಿದ ಕಟ್ಟಳೆ. ಕಾಗದದಲ್ಲಿರುವ ಒಂದಕ್ಷರವನ್ನೂ ಬಿಡಬಾರದೆಂಬುದು ನಾನು ಪಾಠಶಾಲೆಯಲ್ಲಿ ಪ್ರಾಚೀನ ಕಾವ್ಯವನ್ನು ಓದಿಸಿದ ಕಾಲದಿಂದ ರೂಢಿಸಿಕೊಂಡ ಶಿಸ್ತು. ಆದಕಾರಣ ಆವರಣದೊಳಗಿನ ಸೂಚನೆಗಳನ್ನೂ ನಾನು ಓದಿಯೇ ಓದುತ್ತಿದ್ದೆ: "ಬಾಗಿಲು ತೆರೆಯುತ್ತದೆ. ಅಳುತ್ತಾನೆ. ಮೌನ." ನೀನು ನಗುತ್ತಿದ್ದೆ, ಆದರೆ ತಡೆಯಲಿಲ್ಲ. ಅಲ್ಲಿಯೇ ನೋಡು, ಪ್ರಮಾದಕ್ಕೆ ಬೀಜ ಬಿದ್ದದ್ದು.

ಈ ನಾಟಕವನ್ನು ನೀನು ಬರೆಯುವಾಗಲಂತೂ ಕೊನೆಯ ದೃಶ್ಯವನ್ನು ನಾವು ಎಷ್ಟು ಬಾರಿ ಓದಿದೆವೆಂಬುದಕ್ಕೆ ಲೆಕ್ಕವಿಲ್ಲ. ಮಗಳು ನಾಟಕ ಮಂಡಲಿಯೊಡನೆ ಹೊರಟು ನಿಂತಿದ್ದಾಳೆ. "ನಾನು ಹೋಗ್ಲಾ ಅಪ್ಪಾ?" ಎಂದು ಕೇಳುತ್ತಾಳೆ. ತಂದೆಗೆ ಮಾತಿಲ್ಲ. ಎದ್ದು ಕಿಟಕಿಯ ಬಳಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಬೆಳಕು ಆರುತ್ತದೆ. ಮಾವನನ್ನು ನೀನು ತಂದೆಯನ್ನಾಗಿ ಮಾಡಿದ್ದರೂ ಆ ಕಿಟಕಿಯು ನಮ್ಮ ಊಟದ ಮನೆಯ ಕಿಟಕಿಯೇ ಎಂಬುದು ನನಗೆ ತಿಳಿಯದೆ ಹೋಗಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನೀನು, ನಾಟಕಕ್ಕೆ ಹೋಗಲೇ ಎಂದು ನನ್ನನ್ನು ಕೇಳಿದೆ. ನಾನು ಮಾತನಾಡದೆ ಎದ್ದು ಕಿಟಕಿಗೆ ಹೋದೆ. ಅದನ್ನು ಒಪ್ಪಿಗೆಯೆಂದು ತಿಳಿದು ನೀನು ಹೊರಟೆ. ನಿನ್ನ ವೃತ್ತಿಜೀವನವು ಶುರುವಾದದ್ದು ಅಂದೇ. ಆಮೇಲೆ ನೀನು ಪತ್ರಿಕೆಯವರಿಗೆಲ್ಲ, "ನಮ್ಮ ಮಾವನ ಆ ಮೌನವೇ ನನ್ನ ಮೊದಲ ಗುರು" ಎಂದು ಹೇಳಿಕೊಂಡು ಬಂದಿರುವೆ. ಇರಲಿ.

ಶನಿವಾರ ಸಂಜೆ. ತಂದೆಯ ಪಾತ್ರದಲ್ಲಿ ನಮ್ಮ "ಗುಡುಗು". ಪಿಸುಮಾತನ್ನೂ ಮಾಳಿಗೆಗೆ ಮುಟ್ಟಿಸುವ ಆ ಹಿರಿಯ ನಟನಿಗೆ ಈ ಹೆಸರನ್ನು ಇಟ್ಟವಳು ನೀನೇ. ನೀನು ನಿನಗಾಗಿ ಬರೆದುಕೊಂಡಿದ್ದ ಮಗಳ ಪಾತ್ರದಲ್ಲಿ ಆ ಹೊಸ ಹುಡುಗಿ. ನಿನ್ನ ಚಿತ್ರೀಕರಣವು ಮುಗಿಯದೆ ಆ ಪಾತ್ರವು ಅವಳಿಗೆ ಹೋಯಿತಲ್ಲ ಎಂಬ ಕೊರಗು ನನ್ನಲ್ಲಿತ್ತು. ಆದರೆ ಎರಡನೆಯ ಅಂಕದಲ್ಲಿ ಅವಳು ಬಟ್ಟೆಗಳನ್ನು ಮಡಿಸುತ್ತ ಒಂದೊಂದೇ ಮಾತನ್ನು ಇಡತೊಡಗಿದಾಗ ಕೆಮ್ಮು ಕಡಿಮೆಯಾಯಿತು. ಕೊನೆಯ ದೃಶ್ಯದ ಹೊತ್ತಿಗೆ ನಿಂತೇಹೋಯಿತು. ನಾನು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದೊಡನೆ ಅದು ರಂಗಮಂದಿರವಾಗಿ ಉಳಿಯಲಿಲ್ಲ, ನಮ್ಮ ಊಟದ ಮೇಜಾಯಿತು. ನಿನ್ನ ಮಾತುಗಳು, ನಿನ್ನದೇ ಏರಿಳಿತ. "ನಾನು ಹೋಗ್ಲಾ ಅಪ್ಪಾ?" ಎಂಬುದು ಕಿವಿಗೆ ಬಿತ್ತು. ಮುಂದಿನ ಸಾಲನ್ನು ಯಾರೂ ಓದುತ್ತಿಲ್ಲ. ಸರದಿ ನನ್ನದು ಎಂದು ಬುದ್ಧಿಯು ಹೇಳಿತು. ತೊಡೆಯ ಮೇಲೆ ಬೆರಳನ್ನು ಸಾಲಿನಂತೆ ಓಡಿಸುತ್ತ, ಪಾಠಶಾಲೆಯ ಗಂಟಲಿನಿಂದ, ಒಂದೇ ಶ್ರುತಿಯಲ್ಲಿ ಓದಿಬಿಟ್ಟೆನು:

"ಮೌನ. ತಂದೆ ಎದ್ದು ಕಿಟಕಿಯ ಬಳಿಗೆ ಹೋಗುತ್ತಾನೆ."

ಕಣ್ಣು ತೆರೆದಾಗ ಮೊದಲ ಎರಡು ಸಾಲುಗಳ ಜನರೆಲ್ಲರ ಮುಖಗಳೂ ನನ್ನ ಕಡೆಗಿದ್ದವು. ನಿನ್ನ ಗಂಡನು ಕುರ್ಚಿಯಿಂದ ಜಾರಿ ಕಾಣದಂತಾಗಿದ್ದನು. ನಿನ್ನ ಅತ್ತೆ ನನ್ನ ತೊಡೆಯನ್ನು ಚಿವುಟಿದ ಗುರುತು ಇನ್ನೂ ಇದೆ. ರಂಗದ ಮೇಲೆ ಗುಡುಗು ಮಾತ್ರ, ಸ್ವರ್ಗದಿಂದ ಅಪ್ಪಣೆಯಾಯಿತೆಂಬಂತೆ ತಟ್ಟನೆ ಎದ್ದು ನೇರವಾಗಿ ಕಿಟಕಿಗೆ ಹೋದನು. ಅವನು ತನ್ನ ನಡೆಯನ್ನೇ ಮರೆತು ಕುಳಿತಿದ್ದನಂತೆ! ಆ ಹುಡುಗಿಯ ಸಮಯಸ್ಫೂರ್ತಿಯನ್ನು ಏನೆಂದು ಹೊಗಳಲಿ! ಸೊಂಟದ ಮೇಲೆ ಕೈಯಿಟ್ಟು ಅವನ ಬೆನ್ನನ್ನೇ ನೋಡುತ್ತ, "ಎದ್ದು ಹೋಗೋದಕ್ಕೂ ಯಾರಾದ್ರೂ ಹೇಳ್ಕೊಡ್ಬೇಕಾ ಅಪ್ಪಾ ನಿಮಗೆ?" ಎಂದುಬಿಟ್ಟಳು. ಸಭೆಯು ನಗೆಯಲ್ಲಿ ಮುಳುಗಿತು. ನಕ್ಕವರು ನಗುತ್ತಲೇ ಕಣ್ಣೊರೆಸಿಕೊಂಡರು. ಬೆಳಕು ಆರಿದಾಗ ಎದ್ದ ಚಪ್ಪಾಳೆಯು ನನ್ನ ಎದೆಯೊಳಗೆ ಬಡಿದಂತಿತ್ತು.

ನಾನು ತಪ್ಪಿತಸ್ಥನಂತೆ ಬಣ್ಣದ ಕೋಣೆಗೆ ಹೋದೆ. ಗಡ್ಡದವನು ಕುರ್ಚಿಯ ಮೇಲಿದ್ದ ರಂಗದ ಟೋಪಿಯನ್ನೇ ಗಮನಿಸದೆ ಅದರ ಮೇಲೆ ಕುಳಿತಿದ್ದನು.

"ತಾತಾ, ನಿಮ್ಮ ಕಾಲಿಗೆ ಬೀಳ್ಲಾ, ನಿಮ್ಮ ಕತ್ತು ಹಿಸುಕ್ಲಾ? ನೀವೇ ಹೇಳಿ. ಕೊನೇ ದೃಶ್ಯ ಸ್ವಾಮಿ ಅದು!"

ನಾನು ಉತ್ತರಿಸುವಷ್ಟರಲ್ಲಿ ಮಂದಿರದ ವ್ಯವಸ್ಥಾಪಕಿಯು ಏದುಸಿರು ಬಿಡುತ್ತ ಒಳನುಗ್ಗಿದಳು. "ಎಲ್ಲಿ ಆ ಯಜಮಾನರು? ನಾಳೆಗೂ ಆ ದನಿ ಇರುತ್ತಾ ಅಂತ ಜನ ಕೇಳ್ತಿದಾರೆ. ಆ ಐಡಿಯಾ ಯಾರದ್ದು?"

ಗಡ್ಡದವನು ಕ್ಷಣಮಾತ್ರವೂ ಕಣ್ಣು ಮಿಟುಕಿಸಲಿಲ್ಲ. "ನಂದೇ ಮೇಡಂ. ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡಿದ್ದೆ."

ಗುಡುಗು ಗಡ್ಡವನ್ನು ಕೀಳುತ್ತ (ಅವನದು ಅಂಟಿಸಿದ ಗಡ್ಡ) ನನ್ನತ್ತ ನೋಡಿ, "ರಾಯರೇ, ನಾಳೆ ಸ್ವಲ್ಪ ಬೇಗ ಹೇಳಿ. ಇವತ್ತು ಸೊಂಟ ಹಿಡ್ಕೊಂಡಿತ್ತು" ಎಂದನು.

ಹೀಗೆ ನನ್ನ ಪ್ರಮಾದವು ಅಲ್ಲಿಯೇ ಪದ್ಧತಿಯಾಯಿತು. ಭಾನುವಾರವೂ ಅದೇ ಕುರ್ಚಿಯಲ್ಲಿ ಕುಳಿತು ಅದೇ ಮಾತನ್ನು ಹೇಳಬೇಕೆಂದು ಎಲ್ಲರೂ ಗೊತ್ತುಮಾಡಿದರು. ಮನೆಗೆ ಬರುವ ದಾರಿಯುದ್ದಕ್ಕೂ ನಿನ್ನ ಗಂಡನು, "ಅಪ್ಪ ಈಗ ಸ್ಟಾರು" ಎಂದು ರೇಗಿಸುತ್ತಿದ್ದನು. ನಿನ್ನ ಅತ್ತೆ ಮಾತ್ರ, "ಮನೇಲಿ ಏನು ಕೇಳಿದ್ರೂ ಬಾಯಿ ಬಿಡದೋರಿಗೆ ಅಲ್ಲೇ ಮಾತು ಬರಬೇಕಿತ್ತಾ? ಅದೂ ಮೌನ ಅಂತ ಕೂಗೋಕೆ!" ಎಂದಳು. ನಕ್ಕೆನಾದರೂ ಮನಸ್ಸಿಗೆ ನೆಮ್ಮದಿಯಿರಲಿಲ್ಲ. ಭಾನುವಾರ ಬೆಳಗ್ಗೆ ಪ್ರಾರ್ಥನೆಗೆ ಕುಳಿತಾಗ ದೇವರ ಸನ್ನಿಧಿಯಲ್ಲಿಯೂ ಇದೇ ಚಿಂತೆ: ಜನರು ಚಪ್ಪಾಳೆ ತಟ್ಟಿದ್ದು ನಿನ್ನ ನಾಟಕಕ್ಕೋ, ಮುದುಕನೊಬ್ಬನ ಎಡವಟ್ಟಿಗೋ? ನೀನು ಕೇಳಿದ್ದು ಸತ್ಯವನ್ನು. ನನ್ನ ದನಿಯು ನಿನ್ನ ಮೌನದ ಮೇಲೆ ಕುಳಿತಿರುವವರೆಗೆ ಆ ಸತ್ಯವು ನನಗೆ ಸಿಗುವ ಬಗೆ ಹೇಗೆ? ಒಂದು ಅಲ್ಪವಿರಾಮವನ್ನು ನುಂಗಿದ ನಟನನ್ನು ಮೂರು ದಿನ ಮಾತನಾಡಿಸದವಳು ನೀನು. ನಿನ್ನ ಮೌನವನ್ನು ನುಂಗಲು ನಾನಾರು?

ಭಾನುವಾರ ಸಭೆಯು ಶನಿವಾರಕ್ಕಿಂತ ಹೆಚ್ಚು ತುಂಬಿತ್ತು. ಪರದೆಯ ಸಂದಿನಿಂದ ಗಡ್ಡದವನು ನನಗೆ ಹೆಬ್ಬೆರಳನ್ನು ತೋರಿಸಿದನು. ನಾನೂ ತೋರಿಸಿದೆ, ನಿನ್ನ ಮಾವನು ಹೆಬ್ಬೆರಳಿನಿಂದ ಸುಳ್ಳಾಡಿದ್ದು ಅದೇ ಮೊದಲು. ಕೊನೆಯ ದೃಶ್ಯವು ಬಂದಿತು. ಕಣ್ಣನ್ನು ಅಗಲವಾಗಿ ತೆರೆದು, ಕರವಸ್ತ್ರವನ್ನು ಮಡಿಸಿ ಹಲ್ಲುಗಳ ನಡುವೆ ಕಚ್ಚಿ ಹಿಡಿದೆನು. "ನಾನು ಹೋಗ್ಲಾ ಅಪ್ಪಾ?" ಎಂದಳು ಹುಡುಗಿ. ಗುಡುಗು ನನ್ನ ದನಿಗಾಗಿ ಕಾದನು. ಮೂರನೆಯ ಸಾಲಿನತ್ತ ಅವನ ಕಣ್ಣು ಹೊರಳಿತು. ನಾನು ಇಲ್ಲವೆಂದು ತಲೆಯಾಡಿಸಿದೆ. ಆ ಕ್ಷಣದಲ್ಲಿ ಅವನ ಮುಖದಲ್ಲಿ ಮೂಡಿದ ದಿಕ್ಕುತೋಚದ ಭಾವವನ್ನು ಯಾವ ತಾಲೀಮಿನಿಂದಲೂ ತರಲಾಗದು. ಅವನು ನಿಧಾನವಾಗಿ, ಮೊಣಕಾಲಿನ ಮೇಲೆ ಕೈಯೂರಿ ಎದ್ದನು. ಕಿಟಕಿಗೆ ಹೋದನು. ಬೆನ್ನು ತಿರುಗಿಸಿ ನಿಂತನು. ಸಭೆಯಲ್ಲಿ ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಬೆಳಕು ಆರತೊಡಗಿತು.

ಆಗ ಹಿಂದಿನಿಂದ, ಬಾಲ್ಕನಿಯ ಕೆಳಗಿನ ಕತ್ತಲೆಯಿಂದ, ಒಬ್ಬ ಹೆಂಗಸಿನ ದನಿಯು ಬಂದಿತು. ಕೂಗಲಿಲ್ಲ. ತನ್ನ ಮನೆಯ ಹೊಸ್ತಿಲಲ್ಲಿ ನಿಂತು ಆಡುವಂತೆ ಆಡಿದಳು: "ಹೋಗು ಕಂದಾ. ಅವರು ಹಾಗೇನೇ. ಹೋಗು."

ಅವಳ ಪಕ್ಕದವರು ಯಾರೋ "ಹೋಗ್ಲಿ ಬಿಡ್ರೀ ಪಾಪ" ಎಂದರು. ಮತ್ತೊಂದು ಮೂಲೆಯಿಂದ ಒಬ್ಬ ಗಂಡಸು, ಮೂಗೆಳೆಯುತ್ತ, "ಹೋಗಮ್ಮ" ಎಂದನು. ಮಗಳೇ, ಇದನ್ನು ಬರೆಯುವಾಗಲೂ ನನಗೆ ರೋಮಾಂಚವಾಗುತ್ತಿದೆ! ಇವರಾರೂ ಶನಿವಾರ ಬಂದವರಲ್ಲ. ಆಮೇಲೆ ನಾನೇ ಹೋಗಿ ಕೇಳಿದೆನು. ಆ ಹೆಂಗಸು ಬಸ್ಸುಗಳಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಮಾಡುವವಳು, ನಾಟಕಕ್ಕೆ ಬಂದದ್ದು ಇದೇ ಮೊದಲಂತೆ. ಅವಳು ನಾಚಿ, "ತಪ್ಪಾಯ್ತು ಸಾರ್, ಆ ಹುಡುಗಿ ಅಷ್ಟೊತ್ತು ನಿಂತೇ ಇದ್ಳಲ್ಲ, ನೋಡೋಕಾಗ್ಲಿಲ್ಲ" ಎಂದಳು. ನಾನು ಅವಳಿಗೆ ಕೈಮುಗಿದೆ.

ಈಗ ನನ್ನ ಸಾಕ್ಷ್ಯವನ್ನು ಕೇಳು. ಶನಿವಾರ ನಾನು ಬಾಯಿಬಿಟ್ಟದ್ದಕ್ಕೆ ನನ್ನ ಅಭ್ಯಾಸವೊಂದೇ ಕಾರಣವೆಂದು ತಿಳಿದಿದ್ದೆ. ಅದು ಅರ್ಧ ಸತ್ಯ. ಉತ್ತರಕ್ಕಾಗಿ ಮನುಷ್ಯರ ಗಂಟಲನ್ನು ಹಿಡಿದೆಳೆಯುವಂಥ ಮೌನವನ್ನು ನೀನು ಬರೆದಿರುವೆ. ಅಂಥ ಮೌನವು ಜೀವವಿಲ್ಲದ ನಾಟಕದಲ್ಲಿ ಹುಟ್ಟುವುದಿಲ್ಲ. ನಟಿಯಾಗಿ ನೀನು ಇಷ್ಟು ವರ್ಷ ಬೇರೆಯವರ ಮಾತುಗಳಿಗೆ ಪ್ರಾಣವನ್ನು ತುಂಬಿದೆ. ನೀನು ಬರೆದ ಮೌನವು ನೀನಿಲ್ಲದ ಕಡೆಯಲ್ಲಿ, ಗುರುತಿಲ್ಲದ ಹೆಂಗಸಿನ ಬಾಯಲ್ಲಿ ಮಾತಾಯಿತು. ಇದಕ್ಕಿಂತ ಹೆಚ್ಚಿನದನ್ನು ಒಬ್ಬ ನಾಟಕಕರ್ತ್ರಿಯು ದೇವರಲ್ಲಿ ಬೇಡಬಹುದೆಂದು ನನಗೆ ತೋರುವುದಿಲ್ಲ. ವ್ಯವಸ್ಥಾಪಕಿಯು ಇಡೀ ಋತುವನ್ನು ಕೊಟ್ಟಿದ್ದಾಳೆ. ಗಡ್ಡದವನು ನನ್ನೊಡನೆ ಒಂದು ಗಳಿಗೆ ಮುನಿಸಿಕೊಂಡಿದ್ದು, ಈಗ ಮೌನವನ್ನು ಹಾಗೆಯೇ ಬಿಡುವ "ಐಡಿಯಾ" ಕೂಡ ತನ್ನದೇ ಎಂದು ಎಲ್ಲರಿಗೂ ಹೇಳುತ್ತಿದ್ದಾನೆ. ಹೇಳಿಕೊಳ್ಳಲಿ. ಹುಡುಗಿಯು ನಿನಗೆ ಹೇಳಲು ಹೇಳಿದ ಮಾತು: "ಅಕ್ಕನಿಗೆ ಹೇಳಿ, ಪಾತ್ರ ಅವರಿಗೆ ಕಾಯ್ತಿದೆ. ನಾನು ತಂಗಿ ಪಾತ್ರ ಮಾಡ್ತೀನಿ. ತಂಗಿ ಪಾತ್ರ ಇಲ್ಲ ಅಂದ್ರೆ ಬರೆಯೋಕೆ ಹೇಳಿ."

ಇನ್ನು ಸಹಿಯ ವಿಷಯ. "ಮಾವ, ಹಾಕಲಾ ಬೇಡವಾ?" ಎಂದು ನೇರವಾಗಿಯೇ ಕೇಳಿರುವೆ. ಇಂಥ ವಿಷಯಗಳಲ್ಲಿ ಹಿರಿಯನಾದವನು ತನ್ನ ಇಚ್ಛೆಯನ್ನು ಹೇರದೆ ಸುಮ್ಮನಿರುವುದೇ ಲೇಸೆಂದು ತೋರುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಂದೊಮ್ಮೆಯೂ ಸುಮ್ಮನಿದ್ದೆ, ಒಳಿತೇ ಆಯಿತು. ನಿನ್ನ ಅಂತರಂಗವು ನಿನಗೆ ದಾರಿಯನ್ನು ತೋರಿಸಲಿ. ಭಗವಂತನು ನಿನ್ನ ಬೆನ್ನಿಗಿರಲಿ.

ಇಂತು ನಿನ್ನ ಶ್ರೇಯಸ್ಸನ್ನು ಸದಾ ಬಯಸುವ,
ಡಾಕ್ಟರೂ ರೋಗಿಯೂ ಖಳನೂ ಪ್ರಿಯಕರನೂ ಆಗಿದ್ದ,
ನಿನ್ನ ಮಾವ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ನಿನ್ನ ಅತ್ತೆ ಕಾಗದವನ್ನು ಕೈಗೆತ್ತಿಕೊಂಡು ಕೊನೆಯವರೆಗೂ ಓದಿ, "ಹಲ್ಲಿನ ವಿಷಯ ನೀವು ಬರೀತೀರೋ, ನಾನು ಬರೀಲೋ?" ಎಂದು ಮೇಜಿನ ಪಕ್ಕದಲ್ಲಿಯೇ ನಿಂತಿದ್ದಾಳೆ. ಆದ್ದರಿಂದ ಬರೆಯುತ್ತೇನೆ. ನೀನು ನಾಟಕಕ್ಕೆ ಹೋಗಲೇ ಎಂದು ಕೇಳಿದ ಆ ದಿನ ಬೆಳಗ್ಗೆಯಷ್ಟೇ ನಾನು ಕಟ್ಟಿಸಿದ ಹಲ್ಲನ್ನು ಹಾಕಿಸಿಕೊಂಡು ಬಂದಿದ್ದೆ. ಹೊಸ ಸೊಸೆಗೆ ತಿಳಿಯಬಾರದೆಂಬ ನಾಚಿಕೆ. ನೀನು ಕೇಳಿದ ಗಳಿಗೆಗೆ ಸರಿಯಾಗಿ ಮೇಲಿನ ಸಾಲು ಪೂರ್ತಿ ಕಳಚಿ ನಾಲಗೆಯ ಮೇಲೆ ಕುಳಿತಿತು. ಬಾಯಿ ತೆರೆದರೆ ತಟ್ಟೆಗೆ ಬೀಳುತ್ತಿತ್ತು. ಕಿಟಕಿಯ ಬಳಿಗೆ ಹೋಗಿ ಬೆನ್ನು ತಿರುಗಿಸಿದ್ದು ಹೆಬ್ಬೆರಳಿನಿಂದ ಅದನ್ನು ಮೇಲಕ್ಕೊತ್ತಲು. ಒತ್ತಿ ತಿರುಗುವಷ್ಟರಲ್ಲಿ ನೀನು ಹೊರಟೇಹೋಗಿದ್ದೆ. ಆಮೇಲೆ ಎಲ್ಲರೂ ಆ ಮೌನದ ಗಾಂಭೀರ್ಯವನ್ನು ಕೊಂಡಾಡತೊಡಗಿದಾಗ ಹಲ್ಲಿನ ವಿಷಯವನ್ನು ಎತ್ತುವುದು ಉಚಿತವೆನಿಸಲಿಲ್ಲ. ಆ ದಿನ ಹಲ್ಲು ನಿಂತಿದ್ದರೆ ನಾನು ಏನು ಹೇಳುತ್ತಿದ್ದೆನೆಂಬುದೂ ನಿನಗೆ ತಿಳಿದಿರಲಿ. "ಹೋಗ್ಬಾಮ್ಮ. ಎಷ್ಟು ಹೊತ್ತಿಗೆ ಬರ್ತೀಯ?" ಎನ್ನುತ್ತಿದ್ದೆ, ಅಷ್ಟೇ.

ಈಗ ಹಲ್ಲು ಗಟ್ಟಿಯಾಗಿದೆ. ಸಹಿ ಹಾಕಬೇಡ. ಯಾವತ್ತು ಬರ್ತೀಯಮ್ಮ?